ಕಣ್ಣ ಕೆಳಗಿನ ಅಪ್ಪ

ಭಾನುವಾರ ಬೆಳಿಗ್ಗೆ ಹರಿಶ್ಚಂದ್ರ ಕಿವಿಯ ಹಿಂದೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಮೊದಲು ಕೆನ್ನೆಯ ಮೇಲಿದ್ದ ಗಡ್ಡ ಈಗ ಸ್ವಲ್ಪ ಅಲ್ಲಿಗೆ ಹೋಗಿ ಕೂತಿತ್ತು. ಮಡಗಾಂವದ ಡಾಕ್ಟರು ಇದನ್ನು ಮೊದಲೇ ಹೇಳಿದ್ದರು. ಗಂಡಸರ ಮುಖದ ಚರ್ಮವನ್ನು ಮೇಲಕ್ಕೆಳೆದು ಕಿವಿಯ ಸುತ್ತ ಹೊಲಿದರೆ ಕೂದಲೂ ಜೊತೆಗೇ ಹೋಗುತ್ತದೆ, ಅಲ್ಲೂ ದಿನಾ ಬ್ಲೇಡು ಆಡಿಸಬೇಕಾಗುತ್ತದೆ, ಬರಬರುತ್ತ ರೂಢಿಯಾಗುತ್ತದೆ ಎಂದಿದ್ದರು. ರೂಢಿಯಾಗಿರಲಿಲ್ಲ. ಆ ಜಾಗ ಇನ್ನೂ ಮರಗಟ್ಟಿಕೊಂಡೇ ಇದ್ದುದರಿಂದ ಬ್ಲೇಡು ತಾಗಿದ್ದು ತಿಳಿಯುತ್ತಿರಲಿಲ್ಲ. ರಕ್ತ ಬನಿಯನ್ನಿಗೆ ಇಳಿದ ಮೇಲೆ ಗಾಯವಾಗಿದೆಯೆಂದು ಗೊತ್ತಾಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಕಣ್ಣಿನ ಕೆಳಗೆ ಏನೂ ಇಲ್ಲ. ಚೀಲಗಳಿಲ್ಲ, ಹುಬ್ಬುಗಳ ನಡುವೆ ಗೆರೆಯಿಲ್ಲ, ದವಡೆಯ ಎರಡೂ ಬದಿಗೆ ಜೋಲುತ್ತಿದ್ದ ಮಾಂಸವಿಲ್ಲ. ಚಿಕ್ಕವನಾಗಿ ಕಾಣುತ್ತಿದ್ದನೇ ಎಂದರೆ ಅದೂ ಅಲ್ಲ. ಸಾಮಾನು ಸಾಗಿಸಿ ಗುಡಿಸಿಟ್ಟ ಬಾಡಿಗೆ ಮನೆಯ ಹಾಗಿತ್ತು ಮುಖ. ಇವತ್ತು ಇದನ್ನು ಹೊತ್ತುಕೊಂಡು ಮಂಜಗುಣಿಗೆ ಹೋಗಬೇಕು, ಆಪರೇಶನ್ ಆದ ಮೇಲೆ ಮೊದಲ ಸಲ ಹೆತ್ತ ಆಯಿಯ ಎದುರು ನಿಲ್ಲಬೇಕು. ಅವಳು ತನ್ನನ್ನು ನೋಡಿ ಹೆದರದಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಅವನು ಈ ಮುಖದಿಂದ ಬಯಸಿರಲಿಲ್ಲ.

“ಮತ್ತೆ ಕೊಯ್ಕಂಡ್ರಾ?” ಎಂದು ನೀತಾ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದಳು. ಹತ್ತಿ ತಂದುಕೊಟ್ಟಳು. ಈಚೆಗೆ ಅವಳು ಗಂಡನನ್ನು ನೇರವಾಗಿ ನೋಡುವುದಿಲ್ಲ, ಅವನ ಅಂಗಿಯ ಗುಂಡಿಯನ್ನು ನೋಡಿ ಮಾತಾಡುತ್ತಾಳೆ. ಅವಳಿಗೆ ಅವನು ನಿಜವಾದ ಕಾರಣ ಹೇಳಿರಲಿಲ್ಲ. ಎಲ್ಲರೂ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಾರೆ, ಬೇಜಾರು ಬಂದಿದೆ ಎಂದಷ್ಟೇ ಹೇಳಿದ್ದ. ಅದೇನೂ ಸುಳ್ಳಲ್ಲ. ಬಂದರು ಕಚೇರಿಯಲ್ಲಿ ಅವನು ಸೂಪರಿಂಟೆಂಡೆಂಟು, ಎಂಟು ತಾಸು ನಿದ್ದೆ ಮಾಡಿ ಹೋದ ದಿನವೂ ಜವಾನ ಫ್ಯಾನನ್ನು ಅವನ ಕಡೆ ತಿರುಗಿಸಿ “ಸಾಯಬ್ರೇ, ರಾತ್ರಿ ನಿದ್ದೆ ಆಗ್ಲಿಲ್ವಾ?” ಎನ್ನುತ್ತಿದ್ದ. ಒಮ್ಮೆ ಸಿಟಿ ಬಸ್ಸಿನಲ್ಲಿ ಕೂತಿದ್ದ ನೆರೆಮನೆಯವನು, ಅವನಿಗಿಂತ ಎರಡೇ ವರ್ಷ ಚಿಕ್ಕವನು, ಎದ್ದು ಸೀಟು ಬಿಟ್ಟುಕೊಟ್ಟಿದ್ದ. ಆದರೂ ಇವಿಷ್ಟಕ್ಕೆ ಯಾವ ಗಂಡಸೂ ಮುಖ ಕೊಯ್ಯಿಸಿಕೊಳ್ಳುವುದಿಲ್ಲ ಎಂಬುದು ನೀತಾಳಿಗೆ ಗೊತ್ತಿತ್ತು. “ರಿಟೈರ್ ಆಗೂ ಹೊತ್ತಿಗೆ ಯಾರಿಗ್ ತೋರ್ಸೂಕೆ ಇದು?” ಎಂದು ಒಂದೇ ಸಲ ಕೇಳಿ ಆ ಮಾತನ್ನು ಕೈಬಿಟ್ಟಿದ್ದಳು. ಆಮೇಲೊಂದು ದಿನ ಇಬ್ಬರೂ ಮೀನು ಪೇಟೆಗೆ ಹೋದಾಗ, ಇಪ್ಪತ್ತು ವರ್ಷದಿಂದ ಅವರಿಗೆ ಮೀನು ಕೊಡುತ್ತಿದ್ದ ಕಾಮಿ ಬುಟ್ಟಿಯ ಮೇಲಿನ ಗೋಣಿ ಸರಿಸಿ, “ಬಾಯೇ, ಇವತ್ತು ಯಜಮಾನ್ರನ್ನ ಬಿಟ್ಟು ತಮ್ಮನ್ನ ಕರ್ಕಂಡ್ ಬಂದ್ರಾ?” ಎಂದಿದ್ದಳು. ಯಾವಾಗಲೂ ಒಂದೊಂದು ಬಂಗಡೆಗೂ ಜಗಳವಾಡುವ ನೀತಾ ಆ ದಿನ ಕೇಳಿದಷ್ಟು ಕೊಟ್ಟು ಬಂದಳು. ದಾರಿಯುದ್ದಕ್ಕೂ ಅವನಿಗೆ ಹೆಂಡತಿಯ ಪಕ್ಕದಲ್ಲಿ ನಡೆಯಲು ನಾಚಿಕೆಯಾಯಿತು. ತನ್ನ ವಯಸ್ಸನ್ನು ಇಳಿಸಿ ಅವಳ ಮೇಲೆ ಹೊರಿಸಿದ್ದೇನೆ ಎನ್ನಿಸಿತು. ಮನೆಗೆ ಬಂದು ಅವಳು ಮೀನಿನ ಹೊಟ್ಟೆ ತೆಗೆಯುತ್ತ ಕೂತಳು, ಅವನು ಪೇಪರು ಓದಿದ.

ಕಾರವಾರದಿಂದ ಅವನು ಹತ್ತಿದ ಅಂಕೋಲೆಯ ಬಸ್ಸು ಬಿಣಗಾ ಘಟ್ಟ ಇಳಿದು ಅರಗಾದ ಹತ್ತಿರ ನೌಕಾನೆಲೆಯ ಗೋಡೆಯ ಪಕ್ಕ ಓಡುತ್ತಿತ್ತು. ಗೋಡೆಯಾಚೆ ಮೊದಲು ಊರುಗಳಿದ್ದವು, ಸಮುದ್ರ ಕಾಣುತ್ತಿತ್ತು. ಈಗ ಗೋಡೆ ಕಾಣುತ್ತದೆ. ಮುಂದಿನ ಸೀಟಿನ ಮುದುಕಿ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಗಾಳಿಗೆ. ಆಯಿಯೂ ಹೀಗೇ ಎಳೆದುಕೊಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ತಲೆಯಲ್ಲಿ ದಿನ, ವಾರ, ವರ್ಷಗಳು ಒಂದರೊಳಗೊಂದು ಕಲಸಿಹೋಗಲು ಶುರುವಾದಾಗ ಮೊದಲು ಕಂಡ ಲಕ್ಷಣವೇ ಅದು: ಹರಿಶ್ಚಂದ್ರ ಭಾನುವಾರ ಮನೆಯೊಳಗೆ ಕಾಲಿಟ್ಟ ಕೂಡಲೇ ಅವಳು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದಳು, ಸೆರಗನ್ನು ತಲೆಗೆಳೆದು ಗೋಡೆಗೆ ಸರಿಯುತ್ತಿದ್ದಳು, “ಅವ್ರು ಬಂದ್ರು” ಎಂದು ಮೆಲ್ಲಗೆ ಒಳಗಿನವರಿಗೆ ಹೇಳುತ್ತಿದ್ದಳು. ತಮ್ಮ ಪುಂಡಲೀಕನ ಹೆಂಡತಿ ರುಕ್ಮಿಣಿಗೆ ಅದನ್ನು ಕಂಡು ಕಣ್ಣು ತುಂಬುತ್ತಿತ್ತು. “ನೋಡಿ ಭಾವ, ಎಲ್ಲಾ ಮರ್ತ್ರೂ ದೊಡ್ಡ ಮಗ ಅಂದ್ರೆ ಎಷ್ಟ್ ಮರ್ಯಾದೆ ಆಯಿಗೆ! ಸಂಜಿ ಆದ್ರೆ ಸಾಕು, ‘ಅವ್ರು ಬಂದ್ರಾ, ಅವ್ರು ಬಂದ್ರಾ’ ಅಂತೆಳಿ ಕೇಳ್ತಾನೇ ಇರ್ತ್ರು.” ಊಟಕ್ಕೆ ಕೂತರೆ ಆಯಿ ತಾನೇ ಬಡಿಸಬೇಕೆಂದು ಹಟ ಹಿಡಿದು ಇಸ್ವಾಣ ಮೀನಿನ ತಲೆಯ ತುಂಡನ್ನು ಅವನ ತಟ್ಟೆಗೆ ಹಾಕಿ, ಅವನು ಮೊದಲ ತುತ್ತು ನುಂಗುವವರೆಗೆ ನಿಂತಿರುತ್ತಿದ್ದಳು. ಅವನಿಗೂ ಸಂತೋಷವಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ತನಗಾಗಿ ಎದ್ದು ನಿಲ್ಲುತ್ತಿದ್ದಾರೆ ಎಂದು ಒಳಗೊಳಗೇ ಬೀಗಿದ್ದ; ಕಚೇರಿಯಲ್ಲಿ ಒಂದಿಬ್ಬರಿಗೆ ಹೇಳಿಯೂ ಇದ್ದ. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹೆಂಗಸು ಎಪ್ಪತ್ತೆಂಟನೇ ವಯಸ್ಸಿನಲ್ಲಿ ‘ಅವರು’ ಎಂದರೆ ಯಾರು ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಅವನು ಅಂಗಿ ಕಳಚಿ, ನಡುಮನೆಯ ಗೂಟಕ್ಕೆ ಹಾಕಲು ಕೈ ಎತ್ತಿದ್ದ. ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ಆಯಿ ರುಬ್ಬುವ ಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಮುದುಡಿ, ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ಕಾಯುತ್ತಿದ್ದಳು. “ಕಾಲ್ ಜಾರ್ತು ಕಾಣ್ತದೆ” ಎಂದು ರುಕ್ಮಿಣಿ ಓಡಿಬಂದಳು. ಹರಿಶ್ಚಂದ್ರನ ಕೈ ಇನ್ನೂ ಗೂಟದ ಮೇಲೇ ಇತ್ತು. ಅವನಪ್ಪ ವಿಠೋಬ ನಾಯ್ಕರೂ ಕೈ ಮಾಡುವ ಮೊದಲು ಅಂಗಿ ಬಿಚ್ಚಿ ಅದೇ ಗೂಟಕ್ಕೆ ಹಾಕುತ್ತಿದ್ದರು, ಅಂಗಿಗೆ ಏನೂ ಆಗಬಾರದೆಂದು. ಕುಡಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಹೊಳೆಯಂಚಿನ ಗಜನಿ ಗದ್ದೆಗೆ ಉಪ್ಪುನೀರು ಯಾವಾಗ ಬಿಡಬೇಕು, ಯಾವಾಗ ಕಟ್ಟಬೇಕು ಎಂಬ ತಂಟೆ ಬಂದರೆ ನಾಲ್ಕು ಕೇರಿಯವರು ಅವರ ಜಗಲಿಗೆ ಬಂದು ಕೂರುತ್ತಿದ್ದರು, ವಿಠೋಬ ನಾಯ್ಕರು ಒಮ್ಮೆ ಹೇಳಿದರೆ ಆಯಿತು. ಅವರು ತೀರಿಕೊಂಡಾಗ ಹೊಳೆಯಾಚೆಯ ಗಂಗಾವಳಿಯಿಂದಲೂ ದೋಣಿ ತುಂಬ ಜನ ಬಂದಿದ್ದರು. ಪುಂಡಲೀಕ ತೀರ ತಡವಾಗಿ ಹುಟ್ಟಿದ ಎರಡನೆಯ ಮಗ. ಅವನಿಗೆ ಬುದ್ಧಿ ಬರುವ ಹೊತ್ತಿಗೆ ಅಪ್ಪನ ಕೈ ಸೋತಿತ್ತು. ಹಾಗಾಗಿ ಸಂಗತಿ ತಿಳಿದವರು ಜಗತ್ತಿನಲ್ಲಿ ಇಬ್ಬರೇ, ಹರಿಶ್ಚಂದ್ರ ಮತ್ತು ಆಯಿ, ಅವರಿಬ್ಬರೂ ಈ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ. ಆ ಮಧ್ಯಾಹ್ನ ಅವನು ಅಂಗಿಯನ್ನು ಮತ್ತೆ ತೊಟ್ಟುಕೊಂಡು, ಕೊರಳಿನ ಗುಂಡಿಯನ್ನೂ ಹಾಕಿ, ಊಟ ಮಾಡದೆ ಕಾರವಾರಕ್ಕೆ ಹಿಂತಿರುಗಿದ. ಬಸ್ಸಿನ ಕಿಟಕಿಯ ಗಾಜಿನಲ್ಲಿ ಅಪ್ಪ ಅವನ ಜೊತೆಗೇ ಬಂದರು: ಅದೇ ಊದಿದ ಕಣ್ಣಚೀಲ, ಅದೇ ಇಳಿದ ದವಡೆ, ಹುಬ್ಬುಗಳ ನಡುವೆ ಅವೇ ಎರಡು ಗೆರೆ.

ಮಡಗಾಂವದ ಡಾಕ್ಟರ ಜಾಹೀರಾತನ್ನು ಅವನು ಮರಾಠಿ ವಾರಪತ್ರಿಕೆಯೊಂದರಲ್ಲಿ ನೋಡಿದ್ದ, ಕ್ಷೌರದಂಗಡಿಯಲ್ಲಿ. ಡಾಕ್ಟರ್ ಕುಂಕಳೀಕರರು ಚಿಕ್ಕ ವಯಸ್ಸಿನವರು, ನಯವಾದ ಮಾತಿನವರು. ಮೇಜಿನ ಮೇಲೆ ಹೆಂಗಸೊಬ್ಬಳ ಅರ್ಧ ಮುಖದ ಗೊಂಬೆಯಿತ್ತು. ಮಾತು ಕೊಂಕಣಿಯಲ್ಲಿ ನಡೆಯಿತು. “ಹಳೇ ಫೋಟೋ ತಂದಿದ್ದೀರಾ? ಪ್ರಾಯದಲ್ಲಿ ಹೇಗಿದ್ದಿರಿ ಅಂತ ನೋಡಿದರೆ ನಮಗೆ ಅನುಕೂಲ” ಎಂದರು. ಹರಿಶ್ಚಂದ್ರ ಚೀಲದಿಂದ ಪೇಪರು ಸುತ್ತಿದ ದೊಡ್ಡ ಕಟ್ಟಿನ ಪಟವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದನ್ನು ಮಂಜಗುಣಿಯ ಮನೆಯ ಗೋಡೆಯಿಂದ, ಕಟ್ಟು ಸಡಿಲಾಗಿದೆ, ಸರಿ ಮಾಡಿಸುತ್ತೇನೆ ಎಂದು ಹೇಳಿ ತಂದಿದ್ದ. ಪಟದ ಹಣೆಯಲ್ಲಿ ಕುಂಕುಮದ ಕಲೆ ಇನ್ನೂ ಇತ್ತು. ಡಾಕ್ಟರು ಪಟವನ್ನೂ ಅವನನ್ನೂ ನೋಡಿದರು.

“ಇವರ ಹಾಗೆ ಆಗಬೇಕಾ?”

“ಇವರ ಹಾಗೆ ಆಗಬಾರದು. ಇದರಲ್ಲಿ ಏನೇನು ಇದೆಯೋ ಅದನ್ನ ತೆಗೀರಿ.”

ಡಾಕ್ಟರಿಗೆ ಇಂಥ ರೋಗಿ ಹಿಂದೆ ಸಿಕ್ಕಿರಲಿಲ್ಲ ಎಂಬುದು ಅವರು ಕನ್ನಡಕ ಒರೆಸಿದ ರೀತಿಯಲ್ಲೇ ತಿಳಿಯುತ್ತಿತ್ತು. ಆದರೂ ಕೆಲಸ ಬಲ್ಲವರು, ಪೆನ್ಸಿಲ್ಲು ತೆಗೆದುಕೊಂಡು ಪಟದ ಗಾಜಿನ ಮೇಲೆ ಅಪ್ಪನ ಮುಖದ ಒಂದೊಂದೇ ಜಾಗ ತೋರಿಸುತ್ತ ಹೋದರು. ಕೆಳ ರೆಪ್ಪೆಯ ಚೀಲದಲ್ಲಿರುವುದು ಬರೀ ಕೊಬ್ಬು, ರೆಪ್ಪೆಗೂದಲಿನ ಅಂಚಿಗೇ ಕೊಯ್ದು ತೆಗೆದರೆ ಗುರುತೂ ಉಳಿಯುವುದಿಲ್ಲ. ಮೇಲಿನ ರೆಪ್ಪೆಯ ಜೋಲುಚರ್ಮವನ್ನು ಕತ್ತರಿಸಿ ಹೊಲಿಯಬಹುದು. ಕೆನ್ನೆ, ದವಡೆ, ಕುತ್ತಿಗೆಗೆ ಕಿವಿಯ ಮುಂದಿನಿಂದ ಹಿಂದಿನವರೆಗೆ ಒಂದೇ ಕೊಯ್ತ. ಒಳಗಿನ ಪದರವನ್ನೂ ಬಿಗಿಯಬೇಕು, ಬರೀ ಚರ್ಮ ಎಳೆದರೆ ವರ್ಷದಲ್ಲಿ ಮತ್ತೆ ಇಳಿಯುತ್ತದೆ. ಮುಖದ ಮೇಲ್ಪದರವನ್ನು ಆ್ಯಸಿಡ್ಡಿನಿಂದ ಸುಲಿಯುವುದೂ ಉಂಟು, ಅದು ಕಲೆ ಇದ್ದವರಿಗೆ. ಹರಿಶ್ಚಂದ್ರ ಅದು ಬೇಡವೆಂದ. ಅಪ್ಪನಿಗೆ ಕಲೆ ಇರಲಿಲ್ಲ. ಹುಬ್ಬಿನ ನಡುವಿನ ಗೆರೆಗೆ ಸೂಜಿಮದ್ದು ಸಾಕು, ಆದರೆ ಅದರ ಜೋರು ನಾಲ್ಕು ತಿಂಗಳು ಮಾತ್ರ. “ಆಮೇಲೆ?” ಎಂದ. “ಆಮೇಲೆ ಗೆರೆ ವಾಪಸು ಬರುತ್ತದೆ, ನೀವೂ ವಾಪಸು ಬರಬೇಕು” ಎಂದು ಡಾಕ್ಟರು ನಕ್ಕರು. ಅಪ್ಪ ನಾಲ್ಕು ತಿಂಗಳಿಗೊಮ್ಮೆ ಹುಬ್ಬಿನ ಹತ್ತಿರ ಬಂದು ನೋಡಿಕೊಂಡು ಹೋಗುತ್ತಾರೆ ಎಂದಾಯಿತು. ಮೂಗು ಏನು ಮಾಡುವುದು ಎಂದಾಗ ಇಬ್ಬರೂ ಬಹಳ ಹೊತ್ತು ಪಟದಲ್ಲಿನ ಮೂಗನ್ನು ನೋಡಿ, ಇರಲಿ ಎಂದು ಬಿಟ್ಟರು. ಕೊನೆಗೆ ಡಾಕ್ಟರು ಎಲ್ಲರಿಗೂ ಕೇಳುವ ಪ್ರಶ್ನೆಯೆಂದು ಹೇಳಿ ಕೇಳಿದರು, ಇದನ್ನು ನೀವು ನಿಮಗಾಗಿ ಮಾಡಿಸುತ್ತೀರೋ ಬೇರೆ ಯಾರಿಗಾಗಿಯಾದರೂ ಮಾಡಿಸುತ್ತೀರೋ, ಬೇರೆಯವರಿಗಾಗಿ ಮಾಡಿಸಿದವರು ಆಮೇಲೆ ಬೇಸರಪಡುತ್ತಾರೆ. “ತಾಯಿಗಾಗಿ” ಎಂದ ಹರಿಶ್ಚಂದ್ರ. ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಆಪರೇಶನ್ ಅಂದರೆ ಅಂಕೋಲೆಯ ಕಡೆ ಅದು ಒಬ್ಬನ ಸಂಗತಿಯಲ್ಲ. ನೀತಾ ನಾಚಿಕೆಗೆ ನೆರೆಮನೆಯಲ್ಲಿ ಕಣ್ಣಿನ ಪೊರೆ ಎಂದಳು, ಅದು ಫೋನಿನಲ್ಲಿ ಮಂಜಗುಣಿಗೆ ತಲುಪಿತು, ರುಕ್ಮಿಣಿ ಹಿಡಿದ ಹಿಡಿತ ಬಿಡಲಿಲ್ಲ. “ಮೈಗೆ ಕತ್ತಿ ತಾಗೂಕಿಂತ ಮೊದ್ಲು ಪ್ರಸಾದ ಕೇಳ್ದೇ ಹೋಗೂದು ಹೇಗೆ ಭಾವ? ನಮ್ಮನಿಯಲ್ಲಿ ಯಾರೂ ಹಾಂಗೆ ಹೋದವ್ರಿಲ್ಲ.” ಹಾಗಾಗಿ ಒಂದು ಬೆಳಿಗ್ಗೆ ಅವನು ಊರಿನ ಅಮ್ಮನವರ ಗುಡಿಯಲ್ಲಿ ಒದ್ದೆ ಪಂಚೆಯಲ್ಲಿ ಕೈಮುಗಿದು ನಿಂತ. ಪೂಜೆಯ ಗುನಗರು ಅಡಿಕೆ ಸಿಂಗಾರದ ಎಸಳುಗಳನ್ನು ನೀರಿನಲ್ಲಿ ಅದ್ದಿ ದೇವಿಯ ಕಲ್ಲಿನ ಎರಡೂ ಬದಿಗೆ ಅಂಟಿಸಿದರು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. “ಎಂತದರ ಆಪರೇಶನ್ನು? ಅಮ್ಮಗೆ ಬಿಡಿಸಿ ಹೇಳ್ಬೇಕು” ಎಂದರು. ರುಕ್ಮಿಣಿ ಪಕ್ಕದಲ್ಲೇ ಇದ್ದಳು. “ಕಣ್ಣಿಂದು” ಎಂದ ಹರಿಶ್ಚಂದ್ರ. ಗುನಗರು “ಕಣ್ಣಿನ ಆಪರೇಶನ್ ಅಂತೆ ತಾಯಿ, ಒಳ್ಳೇದಾಗೂದಾದ್ರೆ ಬಲಕ್ಕೆ ಕೊಡು” ಎಂದು ಮುಗಿಸುವುದರೊಳಗೇ ಬಲಗಡೆಯ ಎಸಳು ಕಳಚಿ ಬಿತ್ತು. ಅಷ್ಟು ಬೇಗ ಕೊಟ್ಟದ್ದು ಅಪರೂಪವೆಂದು ಗುನಗರು ಸಂತೋಷಪಟ್ಟರು. ಅವನಿಗೆ ಮಾತ್ರ ದೇವಿ ಪೊರೆಗೆ ಒಪ್ಪಿಗೆ ಕೊಟ್ಟಳೇ ಹೊರತು ಈ ವಿಷಯವನ್ನು ಅವಳ ಕಿವಿಗೆ ಯಾರೂ ಹಾಕಲೇ ಇಲ್ಲ ಎಂಬ ಅಳುಕು ಉಳಿಯಿತು. ಆಪರೇಶನ್ ಮುಗಿದು ಕಾರವಾರಕ್ಕೆ ಬಂದ ಮೇಲೆ ಕಚೇರಿಯವರು ಬಿಸ್ಕೀಟು, ಎಳನೀರು ಹಿಡಿದು ನೋಡಲು ಬಂದರು. ಕಪ್ಪು ಕನ್ನಡಕ ಸರಿ, ಗಲ್ಲದ ಸುತ್ತ ಬ್ಯಾಂಡೇಜು ಯಾಕೆ ಎಂದು ಒಬ್ಬ ಕೇಳಿದ. “ಹೆಂಗೂ ರಜೆ ಹಾಕಿದ್ರಲ್ಲ, ಎರಡು ದವಡೆ ಹಲ್ಲೂ ತೆಗ್ಸಿದ್ವಿ” ಎಂದಳು ನೀತಾ. ಬಂದವರೆಲ್ಲ ಅದು ಜಾಣತನದ ಕೆಲಸ ಎಂದು ತಲೆಯಾಡಿಸಿದರು.

ಅಂಕೋಲೆಯಲ್ಲಿ ಬಸ್ಸಿಳಿದು ಹರಿಶ್ಚಂದ್ರ ಮಂಜಗುಣಿಯ ಟೆಂಪೋ ಹತ್ತಿದ. ಎದುರು ಕೂತ ಸುಕ್ರ ಗೌಡ ಅವನ ಜೊತೆ ನಾಲ್ಕನೆಯ ಇಯತ್ತೆವರೆಗೆ ಓದಿದವನು. ಸುಕ್ರ ಇವನ ಮುಖವನ್ನೊಮ್ಮೆ ನೋಡಿ, ಹೊರಗಿನವರನ್ನು ನೋಡಿದ ಮೇಲೆ ಮಾಡುವಂತೆ ಕಣ್ಣನ್ನು ತನ್ನ ಕೈಚೀಲದ ಮೇಲಿಳಿಸಿ, ಕಿಟಕಿಯತ್ತ ತಿರುಗಿದ. ಮಾತಾಡಿಸೋಣವೇ ಎನ್ನಿಸಿತು ಹರಿಶ್ಚಂದ್ರನಿಗೆ. ಮಾತಾಡಿಸಿದರೆ ಪೊರೆಯ ಕತೆ ಹೇಳಬೇಕು. ಅಲ್ಲದೆ ಸುಕ್ರ ಗುರುತು ಹಿಡಿಯದಿದ್ದುದು ಒಳ್ಳೆಯ ಶಕುನವಾಗಿಯೂ ಕಂಡಿತು. ಇವನಿಗೇ ಸಿಗದ ಅಪ್ಪ ಆಯಿಗೆ ಹೇಗೆ ಸಿಗುತ್ತಾರೆ? ನದಿಯ ಉಪ್ಪು ಗಾಳಿ ಬಡಿಯತೊಡಗಿದಾಗ ಕಿವಿಯ ಹಿಂದಿನ ಗಾಯ ಚುರುಗುಟ್ಟಬೇಕಿತ್ತು, ಚುರುಗುಟ್ಟಲಿಲ್ಲ. ಈ ಮೂಗೊಂದನ್ನು ಬಿಟ್ಟದ್ದು ತಪ್ಪಾಯಿತೇನೋ ಎಂದು ಅದನ್ನು ಕರವಸ್ತ್ರದಿಂದ ಒರೆಸಿಕೊಂಡ.

ರುಕ್ಮಿಣಿ ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದಳು. “ಯಾರು ಬೇಕಿತ್ತು?” ಎಂದವಳು, ಅವನು ಚಪ್ಪಲಿ ಬಿಡುವ ರೀತಿ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ ದೇವ್ರೇ, ಭಾವ! ಪೊರೆ ತೆಗ್ದ್ರೆ ಮನುಷ್ಯ ಇಷ್ಟ್ ಚೆಂದ ಆಗ್ತ್ರಾ? ನಮ್ಮ ಅಪ್ಪಗೂ ಅಲ್ಲೇ ಮಾಡ್ಸೂಕಿತ್ತು, ಅವ್ರಿಗೆ ಅಂಕೋಲೆಲೇ ಮಾಡ್ಸಿ ಮೊದ್ಲಿದ್ದಂಗೇ ಉಳದ್ರು.” ಪುಂಡಲೀಕ ಯಾರದೋ ಮದುವೆ ಮಾತುಕತೆಗೆ ದೋಣಿ ದಾಟಿ ಗಂಗಾವಳಿಗೆ ಹೋಗಿದ್ದಾನೆ ಎಂದಳು. ಮಾವನ ಪಟಕ್ಕೆ ಕಟ್ಟು ಹಾಕಿಸಿ ಆಯಿತೇ ಎಂದು ಕೇಳಿದಳು. ಪಟ ಡಾಕ್ಟರ ಬೀರುವಿನಲ್ಲೇ ಉಳಿದಿತ್ತು; ಇನ್ನೂ ಆಗಿಲ್ಲ ಎಂದ. “ಆಯಿ ಹಿಂದಿನ ಜಗಲಿಲಿ ಇದ್ರು. ನೀವ್ ಬಂದದ್ದು ನೋಡ್ದ್ರೆ ಈಗ ಎದ್ದು ನಿಂತ್ಕಣೂದೇ” ಎಂದು ನಗುತ್ತ ಅವಳು ಚಹಾ ಇಡಲು ಹೋದಳು. ನಡುಮನೆಯಲ್ಲಿ ಅವನು ಗೂಟದ ಕಡೆ ನೋಡದೆ ದಾಟಿದ. ತೋಳಿನ ಗುಂಡಿಗಳು ಹಾಕಿವೆಯೇ ಎಂದು ಮುಟ್ಟಿ ನೋಡಿಕೊಂಡ. ಜಗಲಿಯ ಹೊಸ್ತಿಲಲ್ಲಿ ನಿಂತ.

ಆಯಿ ಚಾಪೆಯ ಮೇಲೆ ಕೂತು ಗೆರಸಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಆರಿಸಿ ಮುಗಿದ ಅಕ್ಕಿಯನ್ನೇ ರುಕ್ಮಿಣಿ ಅವಳ ಕೈಗೆ ಮತ್ತೆ ಮತ್ತೆ ಕೊಡುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು. ಎದ್ದು ನಿಲ್ಲಲಿಲ್ಲ. ಸೆರಗಿಗೆ ಕೈ ಹೋಗಲಿಲ್ಲ. ಬಿಸಿಲಿಗೆ ಅಡ್ಡ ನಿಂತ ಯಾರನ್ನೋ ನೋಡುವಂತೆ ನೋಡಿ, “ಕೂತ್ಕಣಿ” ಎಂದಳು. ಹರಿಶ್ಚಂದ್ರನಿಗೆ ಅಳು ಬಂತು. ರೆಪ್ಪೆಯ ಕೆಳಗಿನ ಚರ್ಮ ಇನ್ನೂ ಬಿಗಿಯಾಗಿದ್ದುದರಿಂದ ಅಳು ಮುಖದಲ್ಲಿ ಸರಿಯಾಗಿ ಮೂಡಲಿಲ್ಲ, ಕಣ್ಣೀರು ಮಾತ್ರ ಸುಮ್ಮನೆ ಇಳಿಯಿತು. ಪಡಸಾಲೆಯ ಕುರ್ಚಿಯೊಂದನ್ನು ತಂದುಕೊಂಡು ಕೂತ. ನೀತಾ ಮುಖ ನೋಡದಿರಲಿ, ಕಾಮಿ ತಮ್ಮ ಎನ್ನಲಿ, ಆಯಿ ಕೂತಲ್ಲೇ ಕೂತಿದ್ದಾಳೆ, ಇಷ್ಟೇ ತನಗೆ ಬೇಕಾಗಿತ್ತು.

“ಯಾರ್ ಪೈಕಿ ನೀವು?”

“ಕಾರವಾರದವ.”

“ಕಿನ್ನರದ ಬದಿಯವ್ರಾ? ನಮ್ಮ ತವರ ಕಡೆಯವ್ರ ಹಾಂಗೆ ಕಾಣ್ತ್ರಿ.” ಗೆರಸಿ ಕೆಳಗಿಟ್ಟು ಮುಂದಕ್ಕೆ ಬಾಗಿದಳು. “ನಮ್ಮ ಸಣ್ಣಣ್ಣನ ಕಣ್ಣು ಹಿಂಗೇ ಇತ್ತು.”

ಇದು ಅವನಿಗೆ ಹೊಳೆದಿರಲಿಲ್ಲ. ಅಪ್ಪನನ್ನು ಕೊಯ್ದು ತೆಗೆದ ಮೇಲೆ ಕೆ‌ಳಗೆ ಯಾರೂ ಉಳಿಯುವುದಿಲ್ಲ ಎಂದೇ ಅವನು ತಿಳಿದಿದ್ದ. ಅವಳ ಕಡೆಯವರು ಇಷ್ಟು ವರ್ಷ ಅಲ್ಲೇ ಇದ್ದರೆಂದು ಯಾರು ಬಲ್ಲರು? ಸಂತೋಷ ತಡೆಯಲಾರದೆ “ಆಯಿ, ನಾನು ಹರಿ” ಎಂದುಬಿಟ್ಟ. ಆಯಿ ನಕ್ಕಳು, ಚಂದದ ಮಾತು ಕೇಳಿದವಳಂತೆ. “ಹರಿ ಶಾಲೆಗ್ ಹೋಗಿದ್ದ” ಎಂದಳು. “ನಮ್ಮ ಹರಿ ಹುಷಾರಿ. ಮಾತು ಕಮ್ಮಿ.” ಆಮೇಲೆ ತವರೂರು ಕಿನ್ನರದ ಮಾತು ಬಂತು. ಕಾಳಿ ಹೊಳೆಯಲ್ಲಿ ಬಳಚಿನ ಚಿಪ್ಪು ಹೆಕ್ಕಲು ಹೋಗಿ ನೀರೇರಿದ್ದು, ಅಣ್ಣ ಹೆಗಲ ಮೇಲೆ ಕೂರಿಸಿಕೊಂಡು ದಡಕ್ಕೆ ತಂದದ್ದು, ಮದುವೆಯ ದಿನ ದೋಣಿಯಲ್ಲಿ ಅವಳು ವಾಂತಿ ಮಾಡಿದ್ದು. ಅವಳು ಇಷ್ಟು ಮಾತಾಡಿದ್ದನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಅವನ ಚಹಾ ಆರಿ ಹೋಯಿತು. ರುಕ್ಮಿಣಿ ಒಂದೆರಡು ಸಲ ಇಣುಕಿ, ಅತ್ತೆ ಇವತ್ತು ಎದ್ದು ನಿಲ್ಲದ್ದನ್ನು ಕಂಡು, ಕಾಲು ನೋಯುತ್ತಿರಬೇಕು ಎಂದುಕೊಂಡು ಹೋದಳು. ಮಗನೆಂದು ಗುರುತಿಸದಿದ್ದರೆ ಬೇಡ, ವಾರಕ್ಕೊಮ್ಮೆ ಕಿನ್ನರದ ಯಾರೋ ಆಗಿ ಬಂದು ಕೂತು ಹೋಗುತ್ತೇನೆ ಎಂದು ಹರಿಶ್ಚಂದ್ರ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡ. ಮಗನಾಗಿ ಇದಕ್ಕಿಂತ ಹೆಚ್ಚಿನದೇನೂ ಅವಳಿಂದ ಸಿಕ್ಕಿರಲಿಲ್ಲ, ಅವಳಿಗೂ ಅವನಿಂದ ಸಿಕ್ಕಿರಲಿಲ್ಲ.

ಬಿಸಿಲು ಹಿತ್ತಲಿನ ತೆಂಗಿನ ಬುಡಕ್ಕೆ ಇಳಿದಾಗ ಆಯಿಯ ಮಾತು ನಿಧಾನವಾಯಿತು, ನಡುನಡುವೆ ನಿಂತಿತು. ಕೊನೆಯ ಟೆಂಪೋದ ಹೊತ್ತಾಗಿತ್ತು. “ಬರ್ತೇನೆ” ಎಂದು ಅವನು ಎದ್ದ. ಅವಳು ಕೈ ಚಾಚಿ ಅವನ ಪ್ಯಾಂಟಿನ ಕಾಲನ್ನು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

“ಹೋಗ್ಬೇಡಿ.”

“ಟೆಂಪೋ ತಪ್ತದೆ.”

ಆಯಿ ನಡುಮನೆಯ ಬಾಗಿಲಿನ ಕಡೆ ನೋಡಿದಳು. ಸೆರಗು ಮೆಲ್ಲಗೆ ತಲೆಯ ಮೇಲೆ ಬಂತು. ರುಕ್ಮಿಣಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, “ಅವ್ರು ಬರೂ ಹೊತ್ತಾತು. ಹೊರಗಿನವ್ರು ಯಾರಾರೂ ಇದ್ರೆ ಅವ್ರು ಕೈ ಮಾಡೂದಿಲ್ಲ. ಒಂಚೂರು ಕೂತ್ಕಣಿ. ಊಟ ಮಾಡ್ಕಂಡೇ ಹೋಗಿ” ಎಂದಳು.

ಯಾಕೆ ಕೇಳಿದನೋ ಅವನಿಗೇ ತಿಳಿಯಲಿಲ್ಲ. “ಹರಿ ಇರ್ತನಲ್ಲ, ಮನೆಯಲ್ಲಿ?”

“ಅಂವ ಸಣ್ಣಂವ. ಬಾಗ್ಲ ಹಿಂದೆ ನಿಂತ್ಕಣ್ತ” ಎಂದಳು ಆಯಿ. “ಅಂವ ಎಂತ ಮಾಡೂಕಾಗ್ತದೆ, ಪಾಪ.”

ಬಾಗಿಲ ಹಿಂದೆ ನಿಂತವನು ಅಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು. ಹರಿಶ್ಚಂದ್ರನ ಮುಖಕ್ಕೆ ಬಿಸಿ ಏರಿತು, ಕಿವಿಯ ಹಿಂದಿನ ಮರಗಟ್ಟಿದ ಜಾಗವೊಂದನ್ನು ಬಿಟ್ಟು ಎಲ್ಲ ಕಡೆ. ಅವಳು ಹೆದರುತ್ತಿದ್ದುದು ಭಾನುವಾರಗಳಲ್ಲಿ ಮಾತ್ರವಲ್ಲ, ಅವನು ಬಂದಾಗ ಮಾತ್ರವಲ್ಲ. ಅವನು ಕಾರವಾರದಲ್ಲಿ ಹಾಯಾಗಿ ಊಟ ಮಾಡುತ್ತಿದ್ದ ಒಂದೊಂದು ಸಂಜೆಯೂ ಅವಳು ಇಲ್ಲಿ ಈ ಬಾಗಿಲನ್ನು ನೋಡುತ್ತ ಕೂತಿದ್ದಳು, ರುಕ್ಮಿಣಿ ಅದನ್ನು ಪ್ರೀತಿಯೆಂದು ಫೋನಿನಲ್ಲಿ ತಿಳಿಸುತ್ತಿದ್ದಳು. ತಿರುವಿನಲ್ಲಿ ಟೆಂಪೋದವನು ಹಾರ್ನು ಹೊಡೆದ, ಸ್ವಲ್ಪ ಹೊತ್ತು ಕಾದ, ಮತ್ತೊಮ್ಮೆ ಹೊಡೆದು ಹೊರಟುಹೋದ. ಹರಿಶ್ಚಂದ್ರ ಬಗ್ಗಿ ಆಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. “ಹೋಗೂದಿಲ್ಲ, ಇರ್ತೇನೆ” ಎಂದ. ಕುರ್ಚಿಯನ್ನು ಎತ್ತಿ, ಅವಳಿಗೂ ನಡುಮನೆಯ ಬಾಗಿಲಿಗೂ ನಡುವೆ ಇಟ್ಟ.

ಸೌಟು ಹಿಡಿದುಕೊಂಡೇ ರುಕ್ಮಿಣಿ ಬಂದಳು. “ಟೆಂಪೋ ಹೋತಲ್ಲ ಭಾವ! ಹಿಂಗೆ ಬಾಗ್ಲಿಗೆ ಅಡ್ಡ ಕುರ್ಚಿ ಹಾಕ್ಕಂಡು ಯಾರಿಗ್ ಕಾಯ್ತ್ರಿ?”

“ಅಪ್ಪಗೆ” ಎಂದು ಹರಿಶ್ಚಂದ್ರ ಬಾಗಿಲ ಕಡೆ ಮುಖ ಮಾಡಿ ಕೂತ.